ಖನಿಜಶೋಧನೆಯಲ್ಲಿ ಕಾಂತಸೂಜಿ

ನಮ್ಮ ನಾಡಿನ ಹಳೆಯ ತಾಮ್ರಶಾಸನಗಳನ್ನು ಓದಿದವರಿಗೆ ಒಂದು ಒಕ್ಕಣೆ ಚೆನ್ನಾಗಿ ಪರಿಚಿತವಾಗಿರುತ್ತದೆ. ಅರಸನು ಒಂದು ಗ್ರಾಮವನ್ನು ದಾನವಾಗಿ ಕೊಡುವಾಗ ಅದರ ಗದ್ದೆ, ಬೆದ್ದಲು, ತೋಟ ತುಡಿಕೆಗಳನ್ನು ಕೊಟ್ಟು ಸುಮ್ಮನಾಗುತ್ತಿರಲಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನೂ ಸೇರಿಸಿ ಕೊಡುತ್ತಿದ್ದನು. ಗ್ರಾಮದ ಎಲ್ಲೆ ಯಾವುದೆಂಬುದನ್ನು ಶಾಸನವು ಹಳ್ಳ, ದಿಣ್ಣೆ, ಮರ, ನೆಟ್ಟ ಕಲ್ಲುಗಳ ಗುರುತು ಹೇಳಿ ಖಚಿತಪಡಿಸುತ್ತಿತ್ತು. ಆದರೆ ಆ ಎಲ್ಲೆಯೊಳಗಣ ನೆಲದಡಿಯಲ್ಲಿ ಏನಿದೆಯೆಂಬುದು ಕೊಟ್ಟವನಿಗೂ ತಿಳಿದಿರಲಿಲ್ಲ, ಪಡೆದವನಿಗೂ ತಿಳಿದಿರಲಿಲ್ಲ. ಭೂಮಿಯ ಮೇಲ್ಮೈಯನ್ನು ಅಳೆಯುವ ವಿದ್ಯೆ ಮನುಷ್ಯನಿಗೆ ಬಹು ಹಿಂದೆಯೇ ಕೈವಶವಾಗಿತ್ತು. ಅದರ ಒಡಲನ್ನು ಅಳೆಯುವ ವಿದ್ಯೆ ಕೈವಶವಾಗಿರಲಿಲ್ಲ.

ತಿಳಿಯದ ಕಡೆ ನಂಬಿಕೆಯು ಕಾಲಿಡುವುದು ಸಹಜ. ಕಣ್ಣಿಗೆ ಅಂಜನವನ್ನು ಹಚ್ಚಿ ನೋಡಿದರೆ ಹೂತಿಟ್ಟ ನಿಧಿ ಕಾಣುವುದೆಂಬ ಮಾತನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ವಿಜ್ಞಾನದ ಬಳಿ ಅಂಥ ಅಂಜನವಿಲ್ಲ. ಆದರೆ ನೆಲವನ್ನು ಅಗೆಯದೆಯೇ ಅದರ ಒಳಗಿನ ಸಂಗತಿಗಳನ್ನು ಊಹಿಸಲು ಅದು ಕೆಲವು ಉಪಾಯಗಳನ್ನು ಕಂಡುಕೊಂಡಿದೆ. ಗುರುತ್ವಾಕರ್ಷಣದ ಅತ್ಯಲ್ಪ ಭೇದಗಳನ್ನು ತೂಗಿ ನೋಡುವುದೊಂದು. ನೆಲದಲ್ಲಿ ಕಂಪನವನ್ನೆಬ್ಬಿಸಿ ಅದರ ಮರುದನಿಯನ್ನು ಆಲಿಸುವುದೊಂದು. ವಿದ್ಯುತ್ತನ್ನು ಹರಿಯಿಸಿ ಶಿಲೆಯ ತಡೆಯನ್ನು ಅಳೆಯುವುದೊಂದು. ಇವೆಲ್ಲಕ್ಕಿಂತಲೂ ಹಳೆಯದು ಕಾಂತಸೂಜಿಯ ಉಪಾಯ. ಈ ಸೂಜಿಯು ನಮಗೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬೆರಡು ವಿಷಯಗಳನ್ನು ಈ ಭಾಷಣದಲ್ಲಿ ವಿಚಾರಿಸೋಣ. ಎರಡನೆಯದನ್ನು ಅರಿಯದೆ ಮೊದಲನೆಯದನ್ನು ಮಾತ್ರ ನೆಚ್ಚಿದವರು ಹಣವನ್ನೂ ಹೆಸರನ್ನೂ ಕಳೆದುಕೊಂಡ ಉದಾಹರಣೆಗಳುಂಟು.

ಮೊದಲು ಭೂಮಿಯ ಕಾಂತಗುಣದ ವಿಷಯ. ತೂಗುಬಿಟ್ಟ ಕಾಂತಸೂಜಿಯು ಉತ್ತರ ದಕ್ಷಿಣವಾಗಿ ನಿಲ್ಲುವುದೆಂಬುದು ಎಲ್ಲರಿಗೂ ತಿಳಿದುದೇ. ಅದು ನೆಟ್ಟಗೆ ಭೂಗೋಳದ ಉತ್ತರವನ್ನೇ ತೋರದೆ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಇದನ್ನು ದಿಕ್ಪಾತವೆನ್ನುವರು. ಸೂಜಿಯನ್ನು ಮೇಲೆ ಕೆಳಗೆ ತಿರುಗುವಂತೆಯೂ ಸಡಿಲವಾಗಿ ಬಿಟ್ಟರೆ ಅದರ ಒಂದು ತುದಿ ನೆಲದ ಕಡೆಗೆ ಬಾಗುತ್ತದೆ. ಲಂಡನ್ನಿನ ರಾಬರ್ಟ್ ನಾರ್ಮನ್ ಎಂಬ ದಿಕ್ಸೂಚಿ ತಯಾರಕನು ಈ ಬಾಗನ್ನು ಅಳೆದು 1581ರಲ್ಲಿ ಪ್ರಕಟಿಸಿದನು. ಭೂಮಿಯೇ ಒಂದು ದೊಡ್ಡ ಅಯಸ್ಕಾಂತವೆಂಬ ಸಿದ್ಧಾಂತವನ್ನು ವಿಲಿಯಂ ಗಿಲ್ಬರ್ಟನು 1600ರಲ್ಲಿ ಮುಂದಿಟ್ಟನು. ದಿಕ್ಪಾತ, ಬಾಗು ಇವೆರಡರೊಡನೆ ಕಾಂತಬಲದ ಪ್ರಮಾಣವನ್ನೂ ಸೇರಿಸಿದರೆ ಒಂದು ಸ್ಥಳದ ಕಾಂತಸ್ಥಿತಿಯು ಪೂರ್ತಿಯಾಗಿ ತಿಳಿದಂತಾಯಿತು. ಈ ಬಲವನ್ನು ಈಗ ನ್ಯಾನೊಟೆಸ್ಲಾ ಎಂಬ ಮಾನದಿಂದ ಎಣಿಸುವರು. ಭೂಮಿಯ ಮೇಲೆ ಅದು ಸುಮಾರು 25,000ದಿಂದ 65,000ದವರೆಗೆ ಇರುತ್ತದೆ. ನಮ್ಮ ಕನ್ನಡನಾಡಿನಲ್ಲಿ 40,000ದ ಆಸುಪಾಸು. ಧ್ರುವಗಳ ಸಮೀಪದಲ್ಲಿ ಸೂಜಿಯು ನೆಟ್ಟಗೆ ನೆಲವನ್ನು ತಿವಿಯುವಂತೆ ನಿಲ್ಲುತ್ತದೆ. ಭಾರತದ ದಕ್ಷಿಣ ತುದಿಯ ಬಳಿಯಲ್ಲಿ ಕಾಂತೀಯ ಸಮಭಾಜಕವು ಹಾದುಹೋಗುವುದರಿಂದ ಅಲ್ಲಿ ಅದು ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ. ಈ ಭೇದವನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ನಮಗೆ ಕೆಲಸವಿದೆ.

ಇನ್ನು ಶಿಲೆಗಳ ವಿಷಯ. ಕಬ್ಬಿಣದ ತುಂಡನ್ನು ಅಯಸ್ಕಾಂತದ ಬಳಿ ಇಟ್ಟರೆ ಆ ತುಂಡೂ ತಾತ್ಕಾಲಿಕವಾಗಿ ಅಯಸ್ಕಾಂತವಾಗುವಂತೆ, ಭೂಮಿಯ ಕಾಂತಬಲಕ್ಕೆ ಒಳಗಾದ ಕೆಲವು ಖನಿಜಗಳು ತಾವೂ ಅಯಸ್ಕಾಂತಗಳಾಗುತ್ತವೆ. ಇವುಗಳಲ್ಲಿ ಅಗ್ರಗಣ್ಯವಾದುದು ಮ್ಯಾಗ್ನೆಟೈಟ್. ನಮ್ಮ ಜನ ಸೂಜಿಗಲ್ಲೆಂದು ಕರೆಯುವುದು ಇದೇ ಜಾತಿಯ ಕಲ್ಲನ್ನು. ಕಬ್ಬಿಣವೂ ಗಂಧಕವೂ ಕೂಡಿದ ಪಿರ್ಹೊಟೈಟ್ ಎಂಬ ಇನ್ನೊಂದು ಖನಿಜಕ್ಕೂ ಈ ಗುಣವುಂಟು. ಆದರೆ ಕಬ್ಬಿಣದ ಅದಿರೆಲ್ಲವೂ ಹೀಗಲ್ಲ. ಹೆಮಟೈಟ್ ಎಂಬ ಕೆಂಪು ಅದಿರಿನಲ್ಲಿ ಕಬ್ಬಿಣವು ಹೇರಳವಾಗಿದ್ದರೂ ಕಾಂತಗುಣವು ಬಲು ಅಲ್ಪ. ಚಿನ್ನ, ತಾಮ್ರ, ಸೀಸಗಳಂತೂ ಸೂಜಿಯನ್ನು ಕದಲಿಸುವುದೇ ಇಲ್ಲ. ಆದುದರಿಂದ ಕಾಂತಸೂಜಿಯು ಖನಿಜವನ್ನು ಹುಡುಕುತ್ತದೆ ಎಂಬ ಮಾತೇ ಅಷ್ಟು ಸರಿಯಲ್ಲ. ಅದು ಹುಡುಕುವುದು ಕಾಂತಗುಣವನ್ನು. ಆ ಗುಣಕ್ಕೂ ನಮಗೆ ಬೇಕಾದ ಲೋಹಕ್ಕೂ ನಂಟಿದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಭೂವಿಜ್ಞಾನಿಯ ಕೆಲಸ.

ಈ ವಿದ್ಯೆಯನ್ನು ಮೊಟ್ಟಮೊದಲು ವ್ಯವಸ್ಥಿತವಾಗಿ ಬಳಸಿದವರು ಸ್ವೀಡನ್ ದೇಶದ ಗಣಿಗಾರರು. 17ನೆಯ ಶತಮಾನದಲ್ಲಿಯೇ ಅವರು ಗಣಿಯ ದಿಕ್ಸೂಚಿಯೆಂಬ ಕೈಪೆಟ್ಟಿಗೆಯೊಂದನ್ನು ಹಿಡಿದು ಕಾಡುಗಳಲ್ಲಿ ತಿರುಗುತ್ತಿದ್ದರು. ಅದರೊಳಗಿನ ಸೂಜಿಯು ಪಕ್ಕಕ್ಕೂ ತಿರುಗಬಲ್ಲದು, ಕೆಳಕ್ಕೂ ಬಾಗಬಲ್ಲದು. ಮ್ಯಾಗ್ನೆಟೈಟಿನ ರಾಶಿಯ ಮೇಲೆ ಬಂದೊಡನೆಯೇ ಅದು ತಲೆಬಾಗುತ್ತಿತ್ತು. ಎಲ್ಲಿ ಬಾಗಿತೋ ಅಲ್ಲಿ ಗುಂಡಿ ತೋಡುವುದು ರೂಢಿಯಾಯಿತು. ಇದು ಕುಶಲಿಗಳ ಕೈಚಳಕವೇ ಹೊರತು ಇನ್ನೂ ಶಾಸ್ತ್ರವಾಗಿರಲಿಲ್ಲ. ಉಪ್ಸಾಲಾ ವಿಶ್ವವಿದ್ಯಾನಿಲಯದ ರಾಬರ್ಟ್ ಥಾಲೆನನು ಅಳತೆಗಳನ್ನು ತೆಗೆದುಕೊಳ್ಳುವ ಕ್ರಮವನ್ನೂ ಅವುಗಳಿಂದ ಅದಿರಿನ ನೆಲೆಯನ್ನು ಲೆಕ್ಕಹಾಕುವ ಬಗೆಯನ್ನೂ ನಿರೂಪಿಸಿ 1879ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಅಲ್ಲಿಂದ ಈ ವಿದ್ಯೆಯು ಶಾಸ್ತ್ರದ ಪದವಿಗೆ ಏರಿತೆನ್ನಬಹುದು.

ಸಮೀಕ್ಷೆಯ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಶೋಧಿಸಬೇಕಾದ ಪ್ರದೇಶದಲ್ಲಿ ಶಿಲಾಪದರಗಳು ಯಾವ ದಿಕ್ಕಿಗೆ ಚಾಚಿಕೊಂಡಿವೆಯೆಂದು ತಿಳಿದು, ಅದಕ್ಕೆ ಅಡ್ಡಲಾಗಿ ಹಲವು ಸಮಾನಾಂತರ ರೇಖೆಗಳನ್ನು ಹಾಕಿಕೊಳ್ಳುತ್ತಾರೆ. ಪ್ರತಿಯೊಂದು ರೇಖೆಯ ಮೇಲೂ ಸಮದೂರಗಳಲ್ಲಿ ನಿಂತು ಕಾಂತಬಲವನ್ನು ಅಳೆಯುತ್ತಾರೆ. ಇದು ಕೇಳುವುದಕ್ಕೆ ಸುಲಭ. ಆದರೆ ಭೂಮಿಯ ಕಾಂತಬಲವು ದಿನವಿಡೀ ಒಂದೇ ಸಮನಾಗಿ ಇರುವುದಿಲ್ಲ. ಸೂರ್ಯನ ಪ್ರಭಾವದಿಂದ ಮೇಲಣ ವಾಯುಮಂಡಲದಲ್ಲಿ ವಿದ್ಯುತ್ ಹರಿಯುವುದರಿಂದ ಹಗಲಿನಲ್ಲಿ ಅದು ಏರಿ ಇಳಿಯುತ್ತದೆ. ಕಾಂತೀಯ ಸಮಭಾಜಕದ ಸಮೀಪದಲ್ಲಿ ಈ ಏರಿಳಿತವು ಮತ್ತೂ ಹೆಚ್ಚು. ಆದುದರಿಂದ ಒಂದು ಮೂಲಸ್ಥಾನವನ್ನು ಗೊತ್ತುಮಾಡಿ, ಅಲ್ಲಿಗೆ ಪದೇ ಪದೇ ಹಿಂದಿರುಗಿ ಅಳೆಯಬೇಕು. ಇಲ್ಲವೇ ಅಲ್ಲಿ ಎರಡನೆಯ ಉಪಕರಣವೊಂದನ್ನು ಕಾವಲಿಟ್ಟಂತೆ ಇಡಬೇಕು. ಕಾಲದಿಂದಾದ ವ್ಯತ್ಯಾಸವನ್ನು ಕಳೆದರೆ ಮಾತ್ರ ಸ್ಥಳದಿಂದಾದ ವ್ಯತ್ಯಾಸವು ಉಳಿಯುತ್ತದೆ. ಸೂರ್ಯನಲ್ಲಿ ಕ್ಷೋಭೆಯುಂಟಾಗಿ ಕಾಂತೀಯ ಬಿರುಗಾಳಿಯೆದ್ದ ದಿನಗಳಲ್ಲಂತೂ ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಿರುವುದೇ ಲೇಸು.

ಅಳೆಯುವವನ ಮೈಮೇಲಣ ಸಾಮಾನುಗಳೂ ಅಳತೆಯನ್ನು ಕೆಡಿಸಬಲ್ಲುವು. ಬೀಗದ ಕೈಗೊಂಚಲು, ಚಾಕು, ಸೊಂಟಪಟ್ಟಿಯ ಕೊಕ್ಕೆ, ಬೂಟಿನ ಮೊಳೆ ಇವುಗಳನ್ನೆಲ್ಲ ದೂರವಿಟ್ಟೇ ಆತನು ಕೆಲಸಕ್ಕೆ ಹೊರಡಬೇಕು. ರೈಲುಕಂಬಿ, ವಿದ್ಯುತ್ತಂತಿ, ಮೋಟಾರು ವಾಹನಗಳ ಬಳಿಯಲ್ಲಿ ಪಡೆದ ಅಳತೆಗೆ ಬೆಲೆಯಿಲ್ಲ. ಇದಕ್ಕೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವುಂಟು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಕಾಂತಬಲದ ಅಳತೆಗಳು ನಡೆದುಬರುತ್ತಿದ್ದುವು. ನಗರದ ಟ್ರಾಮುಗಳಿಗೆ ವಿದ್ಯುತ್ತನ್ನು ಅಳವಡಿಸುವ ನಿರ್ಧಾರವಾದಾಗ ಅಲ್ಲಿಯ ಅಳತೆಗಳು ಕೆಡುವುದು ಖಂಡಿತವಾಯಿತು. ಆದುದರಿಂದ 1904ರಲ್ಲಿ ಸಮುದ್ರದಾಚೆಯ ಆಲಿಬಾಗಿನಲ್ಲಿ, ಕಾಂತಗುಣವಿಲ್ಲದ ಪೋರಬಂದರದ ಕಲ್ಲಿನಿಂದ ಹೊಸ ವೀಕ್ಷಣಾಲಯವನ್ನು ಕಟ್ಟಿದರು. ಒಂದು ಮಹಾನಗರದ ಟ್ರಾಮುಬಂಡಿಗಳಿಗೆ ಹೆದರಿ ಒಂದು ಶಾಸ್ತ್ರವೇ ಊರು ಬಿಟ್ಟಿತೆಂದರೆ ಈ ಅಳತೆಗಳ ನಾಜೂಕು ಎಷ್ಟೆಂಬುದನ್ನು ಊಹಿಸಬಹುದು.

ಹೀಗೆ ಶೋಧಿಸಿದ ಅಂಕಿಗಳನ್ನು ನಕ್ಷೆಯ ಮೇಲೆ ಬರೆದು, ಸಮಾನ ಬಲವಿರುವ ಬಿಂದುಗಳನ್ನು ರೇಖೆಗಳಿಂದ ಕೂಡಿಸುತ್ತಾರೆ. ಆ ಸೀಮೆಗೆ ಸಹಜವಾದ ಬಲವನ್ನು ಕಳೆದ ಮೇಲೆ ಎಲ್ಲಿ ಹೆಚ್ಚಳವೋ ಕೊರತೆಯೋ ಉಳಿಯುವುದೋ ಅದನ್ನು ವೈಪರೀತ್ಯವೆನ್ನುವರು. ಈ ವೈಪರೀತ್ಯದ ನಕ್ಷೆಯೇ ಕಾಂತಸಮೀಕ್ಷೆಯ ಅಂತಿಮ ಫಲ. ಆದರೆ ಈ ನಕ್ಷೆ ಕೈಗೆ ಬಂದ ಮೇಲೆಯೇ ನಿಜವಾದ ಕಷ್ಟವು ಮೊದಲಾಗುತ್ತದೆ. ಇದನ್ನು ಮನಗಾಣಿಸಲು ರಷ್ಯ ದೇಶದ ಕೂರ್ಸ್ಕ್ ಸೀಮೆಯ ವೃತ್ತಾಂತಕ್ಕಿಂತ ಉತ್ತಮವಾದುದು ಇನ್ನೊಂದಿಲ್ಲ.

ಕೂರ್ಸ್ಕ್ ಎಂಬುದು ಮಾಸ್ಕೋ ನಗರಕ್ಕೆ ದಕ್ಷಿಣದಲ್ಲಿರುವ ಬಯಲುಸೀಮೆ. ಅಲ್ಲಿ ಕಣ್ಣಿಗೆ ಕಾಣುವುದು ಫಲವತ್ತಾದ ಕರಿಮಣ್ಣು, ಗೋಧಿಯ ಹೊಲಗಳು. ಕೆಳಗೆ ಸೀಮೆಸುಣ್ಣ, ಮರಳು, ಜೇಡಿಗಳ ಪದರಗಳು. ಕಬ್ಬಿಣದ ಸುಳಿವು ಮೇಲೆ ಎಲ್ಲಿಯೂ ಇಲ್ಲ. ಆದರೂ 18ನೆಯ ಶತಮಾನದ ಕೊನೆಯ ಭಾಗದಲ್ಲಿ ಇನೊಖೊದ್ಜೆವ್ ಎಂಬ ಖಗೋಳಜ್ಞನು ಅಲ್ಲಿ ದಿಕ್ಸೂಚಿಯು ಸರಿಯಾಗಿ ನಡೆಯುವುದಿಲ್ಲವೆಂಬುದನ್ನು ಗಮನಿಸಿದನು. ಬಹುಕಾಲ ಈ ಸಂಗತಿಯನ್ನು ಯಾರೂ ವಿಚಾರಿಸಲಿಲ್ಲ. 1883ರಲ್ಲಿ ಖಾರ್ಕೋವ್ ವಿಶ್ವವಿದ್ಯಾನಿಲಯದ ಪಿಲ್ಚಿಕೋವನು ಅಲ್ಲಿಗೆ ಹೋಗಿ ಅಳತೆಗಳನ್ನು ಮಾಡಿ, ಇದಕ್ಕೆ ಕಬ್ಬಿಣದ ಅದಿರೇ ಕಾರಣವಿರಬೇಕೆಂದು ಸೂಚಿಸಿದನು. 1896ರಲ್ಲಿ ಫ್ರಾನ್ಸಿನಿಂದ ಮೂರೋ ಎಂಬ ವಿದ್ವಾಂಸನನ್ನು ಕರೆಸಿ ಅಳೆಯಿಸಿದರು. ಕೆಲವು ಸ್ಥಳಗಳಲ್ಲಿ ಸೂಜಿಯು ಉತ್ತರವನ್ನು ಮರೆತು ಪೂರ್ವ ಪಶ್ಚಿಮಗಳನ್ನು ತೋರುತ್ತಿತ್ತು. ಕೆಲವೆಡೆ ಬಲವು ಸಹಜಕ್ಕಿಂತ ಇಮ್ಮಡಿಗೂ ಮೀರಿತ್ತು. ಲೋಕದಲ್ಲಿ ಇಷ್ಟು ಪ್ರಬಲವಾದ ವೈಪರೀತ್ಯವು ಅದುವರೆಗೆ ಕಂಡುಬಂದಿರಲಿಲ್ಲ.

ಆಗ ರಂಗಕ್ಕೆ ಬಂದವನು ಮಾಸ್ಕೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದ ಅರ್ನೆಸ್ಟ್ ಲೈಸ್ಟ್. ಆತನು ಅಳತೆಗಳನ್ನು ಪರಿಶೀಲಿಸಿ, ಸುಮಾರು 200 ಮೀಟರುಗಳಷ್ಟು ಆಳದಲ್ಲಿ ಕಬ್ಬಿಣದ ಅದಿರು ಸಿಕ್ಕುವುದೆಂದು ಹೇಳಿದನು. ಕೂರ್ಸ್ಕಿನ ಜಿಲ್ಲಾಮಂಡಲಿಯು ಆತನ ಮಾತಿನ ಮೇಲೆ ಹಣವನ್ನು ಸುರಿದು ಬೈರಿಗೆಯನ್ನು ಇಳಿಸಿತು. ನೆಲದ ಬೆಲೆ ಏರಿತು. ಜಮೀನುದಾರರು ಐಶ್ವರ್ಯದ ಕನಸು ಕಂಡರು. ಬೈರಿಗೆಯು ಹೇಳಿದ ಆಳವನ್ನು ಮುಟ್ಟಿತು, ದಾಟಿತು. ಬಂದುದು ಬರಿಯ ಜೇಡಿ, ಮರಳು. ಅದಿರಿನ ಒಂದು ಚೂರೂ ಮೇಲಕ್ಕೆ ಬರಲಿಲ್ಲ. ನಿನ್ನೆ ಹೊಗಳಿದವರೇ ಇಂದು ನಗತೊಡಗಿದರು. ಮಂಡಲಿಯು ಸಹಾಯವನ್ನು ನಿಲ್ಲಿಸಿತು. ಕೂರ್ಸ್ಕಿನಲ್ಲಿ ಕಬ್ಬಿಣವೇ ಇಲ್ಲವೆಂಬುದು ಬಹುಜನರ ತೀರ್ಮಾನವಾಯಿತು.

ಲೈಸ್ಟನು ಮಾತ್ರ ಬಿಡಲಿಲ್ಲ. ಅನೇಕ ವರ್ಷಗಳ ಕಾಲ ಬೇಸಗೆಯ ಬಿಡುವಿನಲ್ಲಿ ತನ್ನ ಸ್ವಂತ ಖರ್ಚಿನಿಂದಲೇ ಆ ಸೀಮೆಯನ್ನು ಸುತ್ತಿ ಸುಮಾರು 4,500 ಬಿಂದುಗಳಲ್ಲಿ ಅಳತೆಮಾಡಿದನು. 1918ರಲ್ಲಿ ಚಿಕಿತ್ಸೆಗಾಗಿ ಜರ್ಮನಿಗೆ ಹೋದವನು ಅಲ್ಲಿಯೇ ತೀರಿಕೊಂಡನು. ಆತನ ಅಂಕಿಗಳೂ ನಕ್ಷೆಗಳೂ ಪರದೇಶದಲ್ಲಿಯೇ ಉಳಿದುವು. ಮರುವರ್ಷ, ರಷ್ಯದಲ್ಲಿ ಅಂತರ್ಯುದ್ಧವು ಉರಿಯುತ್ತಿದ್ದಾಗಲೇ, ಭೌತವಿಜ್ಞಾನಿ ಲಾಜರೆವನ ನೇತೃತ್ವದಲ್ಲಿ ಅಳತೆಯನ್ನು ಮತ್ತೆ ಮೊದಲಿನಿಂದ ಆರಂಭಿಸಿದರು. ಭೂವಿಜ್ಞಾನಿ ಗುಬ್ಕಿನನು ಈ ಕಾರ್ಯಕ್ಕೆಂದೇ ನೇಮಕವಾದ ಆಯೋಗದ ಅಧ್ಯಕ್ಷನಾದನು. ಷ್ಚಿಗ್ರಿ ಎಂಬ ಊರಿನ ಬಳಿ ಇಳಿಸಿದ ಬೈರಿಗೆಯು 1923ರ ಏಪ್ರಿಲ್ 7ರಂದು 167 ಮೀಟರುಗಳ ಆಳದಲ್ಲಿ ಗಟ್ಟಿಯಾದ ಶಿಲೆಯನ್ನು ತಾಕಿತು. ಮೇಲಕ್ಕೆ ಬಂದ ಶಿಲೆಯ ತುಂಡು ಮ್ಯಾಗ್ನೆಟೈಟಿನಿಂದ ತುಂಬಿದ ಪಟ್ಟೆಪಟ್ಟೆಯ ಬೆಣಚುಕಲ್ಲು. ಲೈಸ್ಟನು ಹೇಳಿದ ಕಾರಣವು ನಿಜವಾಗಿತ್ತು. ಆತನು ಅದನ್ನು ಕಾಣಲು ಬದುಕಿರಲಿಲ್ಲ.

ಹಾಗಾದರೆ ಮೊದಲನೆಯ ಬೈರಿಗೆ ಏಕೆ ಬರಿಗೈಯಲ್ಲಿ ಬಂದಿತು? ಇಲ್ಲಿಯೇ ಈ ವಿದ್ಯೆಯ ಮರ್ಮವಿದೆ. ಮನೆಯಲ್ಲಿ ಕೈದೀಪವನ್ನು ನೆಲಕ್ಕೆ ಸಮೀಪವಾಗಿ ಹಿಡಿದರೆ ಚಿಕ್ಕದಾದ, ಪ್ರಖರವಾದ ಬೆಳಕಿನ ವೃತ್ತವು ಬೀಳುತ್ತದೆ. ಎತ್ತರಕ್ಕೆ ಹಿಡಿದರೆ ವೃತ್ತವು ಅಗಲವಾಗಿ ಮಂಕಾಗುತ್ತದೆ. ಕಾಂತವೈಪರೀತ್ಯವೂ ಹೀಗೆಯೇ: ಅದಿರು ಮೇಲಿದ್ದರೆ ಇಕ್ಕಟ್ಟಾದ ಏರು, ಆಳದಲ್ಲಿದ್ದರೆ ಹರಡಿದ ಏರು. ಚಿಕ್ಕದಾದ ಗುಂಡು ರಾಶಿಯ ಪ್ರಭಾವವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ; ಎಂದರೆ ದೂರವು ಇಮ್ಮಡಿಸಿದರೆ ಪ್ರಭಾವವು ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಾಳೆಯಂತೆ ಉದ್ದಕ್ಕೆ ಚಾಚಿದ ರಾಶಿಯ ಪ್ರಭಾವವು ಇಷ್ಟು ಬೇಗ ಕುಗ್ಗುವುದಿಲ್ಲ. ಆದುದರಿಂದ ಏರಿನ ಅಗಲವನ್ನು ಅಳೆದು ಆಳವನ್ನು ಹೇಳಬಹುದು, ಆದರೆ ರಾಶಿಯ ಆಕಾರವು ಗೊತ್ತಿದ್ದರೆ ಮಾತ್ರ. ಆಕಾರವೋ ನೆಲದಡಿಯಲ್ಲಿ ಅಡಗಿದೆ. ಎತ್ತರದಲ್ಲಿ ಹಿಡಿದ ಒಂದು ದೀಪವೂ ತಗ್ಗಿನಲ್ಲಿ ಸಾಲಾಗಿಟ್ಟ ಹತ್ತು ಹಣತೆಗಳೂ ನೆಲದ ಮೇಲೆ ಒಂದೇ ಬಗೆಯ ಬೆಳಕನ್ನು ಚೆಲ್ಲಬಲ್ಲುವು. ನೆಲವನ್ನು ಮಾತ್ರ ನೋಡುವವನು ಅವುಗಳನ್ನು ಬೇರ್ಪಡಿಸಲಾರನು. ಇದು ಉಪಕರಣದ ದೋಷವಲ್ಲ, ಗಣಿತದ ನಿಯಮವೇ ಹೀಗಿದೆ: ಮೇಲಣ ಒಂದೇ ವೈಪರೀತ್ಯವನ್ನು ಉಂಟುಮಾಡಬಲ್ಲ ಕೆಳಗಣ ವಿನ್ಯಾಸಗಳು ಅಸಂಖ್ಯಾತವಾಗಿವೆ. ಎಷ್ಟೇ ಸೂಕ್ಷ್ಮವಾದ ಅಳತೆಯೂ ಈ ಸಂದಿಗ್ಧವನ್ನು ತಾನೊಂದೇ ಪರಿಹರಿಸಲಾರದು. ಇತರ ವಿಧಾನಗಳ ಅಳತೆ, ಸ್ಥಳೀಯ ಶಿಲೆಗಳ ಪರಿಚಯ, ಕಡೆಗೆ ಬೈರಿಗೆ, ಇವುಗಳ ನೆರವು ಬೇಕೇ ಬೇಕು.

ಕೂರ್ಸ್ಕಿನ ವೃತ್ತಾಂತದಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಸೂಜಿಯನ್ನು ಸೆಳೆದ ಪಟ್ಟೆಕಲ್ಲು ಅಷ್ಟೇನೂ ಸಾರವತ್ತಾದ ಅದಿರಲ್ಲ. ಅತ್ಯಂತ ಹಿಂದಿನ ಭೂಯುಗಗಳಲ್ಲಿ ಆ ಪಟ್ಟೆಕಲ್ಲಿನ ತಲೆಗಳು ಗಾಳಿ ನೀರುಗಳ ಹೊಡೆತಕ್ಕೆ ಸಿಕ್ಕಿ ಶಿಥಿಲವಾದಾಗ ಮರಳಿನ ಅಂಶವು ತೊಳೆದುಹೋಗಿ ಕಬ್ಬಿಣದ ಅಂಶವು ಹೆಚ್ಚಿತು. ಅದೇ ಕಾಲದಲ್ಲಿ ಮ್ಯಾಗ್ನೆಟೈಟು ಹೆಮಟೈಟಾಗಿ ಮಾರ್ಪಟ್ಟು ಕಾಂತಗುಣವು ಕುಂದಿತು. ಹೀಗೆ ಅಲ್ಲಿಯ ಅತ್ಯುತ್ತಮವಾದ ಅದಿರು ಸೂಜಿಗೆ ಬಹುಮಟ್ಟಿಗೆ ಅಗೋಚರವಾದುದು. ಸೂಜಿಯು ತೋರಿದುದು ಅದರ ನೆರೆಮನೆಯ ಬಡ ಬಂಧುವನ್ನು. ಆದರೆ ಬಂಧುವಿನ ಮನೆ ಸಿಕ್ಕಿದ ಮೇಲೆ ಸಿರಿವಂತನ ಮನೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಇಂದು ಕೂರ್ಸ್ಕ್ ಸೀಮೆಯು ಭೂಮಂಡಲದ ಅತ್ಯಂತ ದೊಡ್ಡ ಕಬ್ಬಿಣದ ಅದಿರಿನ ಪ್ರದೇಶಗಳಲ್ಲಿ ಒಂದಾಗಿದೆ. ಅಲ್ಲಿಯ ಗಣಿಪಟ್ಟಣವೊಂದಕ್ಕೆ ಗುಬ್ಕಿನನ ಹೆಸರನ್ನೇ ಇಟ್ಟಿದ್ದಾರೆ.

ಸೂಜಿಯು ಹೇಳಿದುದು ನಿಜವಾಗಿದ್ದೂ ಫಲವು ದೊರೆಯದ ಪ್ರಸಂಗವು ಇನ್ನೊಂದುಂಟು. ವಿದ್ಯುದ್ದೀಪದಿಂದ ಲೋಕವಿಖ್ಯಾತನಾದ ಥಾಮಸ್ ಎಡಿಸನ್ನನಿಗೆ ನಿಕ್ಕಲ್ ಲೋಹವು ಬೇಕಾಗಿದ್ದಿತು. 20ನೆಯ ಶತಮಾನದ ಆರಂಭದಲ್ಲಿ ಆತನು ಕೆನಡಾದ ಸಡ್ಬರಿ ಸೀಮೆಯಲ್ಲಿ ಬಾಗುಸೂಜಿಯನ್ನು ಹಿಡಿದು ಶೋಧಿಸಿದನು. ನಿಕ್ಕಲ್ಲಿನ ಅದಿರು ಅಲ್ಲಿ ಪಿರ್ಹೊಟೈಟಿನ ಸಂಗಡ ಇರುವುದರಿಂದ ಸೂಜಿಯು ಸಹಾಯಕ್ಕೆ ಬಂದಿತು. ಫಾಲ್ಕನ್‌ಬ್ರಿಜ್ ಎಂಬಲ್ಲಿ ಅದು ಬಾಗಿತು. ಎಡಿಸನ್ನನು ಬಾವಿಯನ್ನು ತೋಡಿಸಿದನು. ಆದರೆ ಅದಿರನ್ನು ಮುಟ್ಟುವ ಮೊದಲೇ ಕುಸಿಯುವ ಹಸಿಮರಳು ನುಗ್ಗಿ ಕೆಲಸವನ್ನು ಕೆಡಿಸಿತು. ಆತನು ಆ ಸ್ಥಳವನ್ನು ಬಿಟ್ಟು ಹೊರಟುಹೋದನು. ಸುಮಾರು ಕಾಲು ಶತಮಾನದ ಬಳಿಕ, 1928ರಲ್ಲಿ, ಅದೇ ಅದಿರಿಗಾಗಿ ಬೇರೆಯವರು ಒಂದು ಕಂಪೆನಿಯನ್ನು ಸ್ಥಾಪಿಸಿ ಸಂಪತ್ತನ್ನು ಗಳಿಸಿದರು. ಅದಿರು ಎಲ್ಲಿದೆಯೆಂದು ಸೂಜಿ ಹೇಳಿತು. ಅದರ ಮೇಲೆ ಯಾವ ಮರಳು ಕವಿದಿದೆಯೆಂದು ಹೇಳುವುದು ಅದರ ಶಕ್ತಿಗೆ ಮೀರಿದ ಮಾತು.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಕೂರ್ಸ್ಕಿನಲ್ಲಿ ಸಿಕ್ಕಿದಂಥ ಪಟ್ಟೆಪಟ್ಟೆಯ ಕಬ್ಬಿಣಕಲ್ಲು ನಮಗೆ ಅಪರಿಚಿತವಲ್ಲ. ಬಾಬಾಬುಡನ್ ಗಿರಿಶ್ರೇಣಿಯಲ್ಲಿಯೂ ಕುದುರೆಮುಖದಲ್ಲಿಯೂ ಇರುವುದು ಇದೇ ಕುಲದ ಪ್ರಾಚೀನ ಶಿಲೆ. ಕುದುರೆಮುಖದ ಅದಿರನ್ನು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅವರು 1913ರಲ್ಲಿ ಗುರುತಿಸಿದರು. ಅಲ್ಲಿ ಅದಿರು ಬೆಟ್ಟದ ಮೇಲೆಯೇ ತಲೆಯೆತ್ತಿ ನಿಂತಿರುವುದರಿಂದ ಶಿಲೆಯನ್ನು ಬಲ್ಲ ಕಣ್ಣುಗಳಿಗೆ ಅದು ಗೋಚರವಾಯಿತು. ಸೂಜಿಯ ನಿಜವಾದ ಉಪಯೋಗವು ಮಣ್ಣು, ಮರಳು, ಮುರಕಲ್ಲುಗಳ ಹೊದಿಕೆಯ ಕೆಳಗೆ ಅಡಗಿರುವ ಶಿಲೆಯ ವಿಷಯದಲ್ಲಿ. ಸಂಡೂರಿನ ಬೆಟ್ಟಗಳ ಸಾರವತ್ತಾದ ಅದಿರೋ ಬಹುಮಟ್ಟಿಗೆ ಹೆಮಟೈಟ್. ಅದರ ಮೇಲೆ ನಿಂತ ಸೂಜಿಯಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ.

ಇದಕ್ಕಿಂತಲೂ ವಿಚಿತ್ರವಾದ ಸಂಗತಿ ಇನ್ನೊಂದಿದೆ. ದಕ್ಷಿಣ ಭಾರತದಲ್ಲಿ ಸೂಜಿಯು ಬಹುಮಟ್ಟಿಗೆ ಮಲಗಿರುವುದೆಂದು ಮೊದಲೇ ಹೇಳಿದೆವು. ಕೂರ್ಸ್ಕಿನಂಥ ಉತ್ತರದೇಶಗಳಲ್ಲಿ ಭೂಮಿಯ ಬಲವು ಕಡಿದಾಗಿ ಕೆಳಕ್ಕೆ ಇಳಿಯುವುದರಿಂದ ಅದಿರಿನ ಮೇಲೆ ಬಲವು ಹೆಚ್ಚುತ್ತದೆ. ಬಲವು ಅಡ್ಡವಾಗಿ ಹಾಯುವ ಸೀಮೆಗಳಲ್ಲಿ ಅದಿರು ಅಡ್ಡವಾಗಿ ಅಯಸ್ಕಾಂತವಾಗುತ್ತದೆ. ಅದರ ಮೇಲುಗಡೆ ಅದರ ಸ್ವಂತ ಬಲವು ಭೂಮಿಯ ಬಲಕ್ಕೆ ಎದುರಾಗಿ ನಿಂತು, ಮೊತ್ತವು ಕಡಮೆಯಾಗುತ್ತದೆ. ಎಂದರೆ ಅಲ್ಲಿ ದಿಣ್ಣೆಯಾಗಿ ಕಾಣುವ ಅದಿರು ಇಲ್ಲಿ ಹಳ್ಳವಾಗಿ ಕಾಣುತ್ತದೆ! ಸರಿಯಾಗಿ ಉತ್ತರ ದಕ್ಷಿಣವಾಗಿ ಚಾಚಿದ ಉದ್ದನೆಯ ರಾಶಿಯಂತೂ ಕಾಂತೀಯ ಸಮಭಾಜಕದ ಮೇಲೆ ತನ್ನ ಎರಡು ತುದಿಗಳಲ್ಲಿ ಮಾತ್ರ ಸುಳಿವನ್ನು ಕೊಟ್ಟು ನಡುವೆ ಮೌನವಾಗಿರುತ್ತದೆ. ಐರೋಪ್ಯ ಗ್ರಂಥಗಳಲ್ಲಿಯ ಚಿತ್ರಗಳನ್ನು ಮುಂದಿಟ್ಟುಕೊಂಡು ಇಲ್ಲಿಯ ನಕ್ಷೆಯನ್ನು ಓದಹೊರಟರೆ ಅದಿರನ್ನು ಬಿಟ್ಟು ಪಕ್ಕದ ಬರಡುನೆಲವನ್ನು ಅಗೆದಂತಾಗುವುದು.

ನಮ್ಮ ನೆಲದಲ್ಲಿ ಸುಳ್ಳುಸಾಕ್ಷಿಗಳೂ ಉಂಟು. ಹಳೆಯ ಮೈಸೂರು ಸೀಮೆಯ ಕಣಶಿಲೆಗಳನ್ನು ಸೀಳಿಕೊಂಡು ಡೈಕುಗಳೆಂಬ ಕರಿಯ ಕಲ್ಲಿನ ಗೋಡೆಗಳು ಉದ್ದಕ್ಕೆ ಹರಿದಿವೆ. ಹಾರೋಹಳ್ಳಿ, ಕನಕಪುರಗಳ ಸುತ್ತಮುತ್ತ ಇವು ವಿಶೇಷವಾಗಿವೆ. ಇವುಗಳಲ್ಲಿ ಮ್ಯಾಗ್ನೆಟೈಟಿನ ಸಣ್ಣ ಕಣಗಳಿರುವುದರಿಂದ ಸೂಜಿಯು ಕದಲುತ್ತದೆ. ಆದರೆ ಅಲ್ಲಿ ಕರಗಿಸಿ ತೆಗೆಯುವಂಥ ಲೋಹವೇನೂ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಇನ್ನು ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆ ನೆಲವನ್ನು ಕವಿದಿರುವ ದಖನ್ನಿನ ಲಾವಾಶಿಲೆಯು ತಾನೇ ಕಾಂತಗುಣವುಳ್ಳದ್ದು. ಅದು ದ್ರವರೂಪದಿಂದ ತಣ್ಣಗಾಗಿ ಗಟ್ಟಿಯಾದಾಗ ಅಂದಿನ ಭೂಮಿಯ ಕಾಂತದಿಕ್ಕನ್ನು ತನ್ನಲ್ಲಿ ಉಳಿಸಿಕೊಂಡಿತು. ಆ ಕಾಲದ ಬಹುಭಾಗದಲ್ಲಿ ಭೂಮಿಯ ಕಾಂತಧ್ರುವಗಳು ಇಂದಿಗೆ ವಿರುದ್ಧವಾಗಿದ್ದುವು. ಶಿಲೆಯು ಆರೂವರೆ ಕೋಟಿ ವರ್ಷಗಳ ಹಿಂದಣ ಉತ್ತರವನ್ನು ನೆನೆಯುತ್ತಿದ್ದರೆ ಸೂಜಿಯು ಇಂದಿನ ಉತ್ತರವನ್ನು ನೋಡುತ್ತಿರುತ್ತದೆ. ಇವೆರಡರ ನಡುವಣ ವಾದವನ್ನು ಬಗೆಹರಿಸದೆ ಅದರ ಕೆಳಗಿನದನ್ನು ಹೇಳುವುದು ಸಾಹಸವೇ ಸರಿ.

ಉಪಕರಣಗಳಾದರೋ ಕಾಲಕ್ರಮದಲ್ಲಿ ಬಹಳ ಮುಂದುವರಿದಿವೆ. ಎರಡನೆಯ ಮಹಾಯುದ್ಧದಲ್ಲಿ ನೀರಿನಡಿಯ ಜಲಾಂತರ್ಗಾಮಿಗಳನ್ನು ವಿಮಾನದಿಂದ ಪತ್ತೆಹಚ್ಚಲು ಬಳಸಿದ ಕಾಂತಮಾಪಕವನ್ನು ಯುದ್ಧಾನಂತರ ಖನಿಜಶೋಧನೆಗೆ ತಿರುಗಿಸಿದರು. ಕಾಲುನಡಗೆಯಿಂದ ವರ್ಷಗಟ್ಟಲೆ ಹಿಡಿಯುತ್ತಿದ್ದ ಕೆಲಸವು ಕೆಲವೇ ದಿನಗಳ ಹಾರಾಟದಲ್ಲಿ ಮುಗಿಯುವಂತಾಯಿತು. 1950ರ ದಶಕದಲ್ಲಿ ಬಂದ ಪ್ರೋಟಾನ್ ಕಾಂತಮಾಪಕದಲ್ಲಿ ಸೂಜಿಯೇ ಇಲ್ಲ. ಅದರ ಸೀಸೆಯೊಳಗಿನ ದ್ರವದಲ್ಲಿರುವ ಜಲಜನಕದ ಪರಮಾಣುಬೀಜಗಳು ಬುಗುರಿಗಳಂತೆ ತೂಗಾಡುತ್ತವೆ. ಕಾಂತಬಲವು ಹೆಚ್ಚಿದಂತೆ ಅವುಗಳ ತೂಗಾಟದ ವೇಗವೂ ಹೆಚ್ಚುತ್ತದೆ. ನಮ್ಮ ಸೀಮೆಯ ಬಲಕ್ಕೆ ಅವು ಸೆಕೆಂಡಿಗೆ ಸುಮಾರು 1,700 ಸಲ ತೂಗುತ್ತವೆ. ಇದನ್ನು ಧ್ವನಿಯಾಗಿ ಮಾರ್ಪಡಿಸಿದರೆ ಕಿವಿಗೆ ಕೇಳಿಸುವ ಸ್ವರವೇ ಆಗುತ್ತದೆ. ಆ ಸ್ವರದ ಶ್ರುತಿಯನ್ನು ಎಣಿಸಿದರೆ ಬಲವು 1 ನ್ಯಾನೊಟೆಸ್ಲಾದಷ್ಟು ಸೂಕ್ಷ್ಮವಾಗಿ ತಿಳಿಯುತ್ತದೆ. ಆದರೆ ಸೂಕ್ಷ್ಮತೆಯು ಹೆಚ್ಚಿದುದರಿಂದ ದೀಪ ಹಣತೆಗಳ ಸಂದಿಗ್ಧವು ಕರಗಿಹೋಗಲಿಲ್ಲ. ಲೈಸ್ಟನನ್ನು ಕಾಡಿದ ಪ್ರಶ್ನೆಯು ಇಂದಿನ ವಿಜ್ಞಾನಿಯನ್ನೂ ಕಾಡುತ್ತದೆ. ಇಂದಿನವನಿಗೆ ಆ ಪ್ರಶ್ನೆಯು ಇದೆಯೆಂಬುದು ಮೊದಲೇ ಗೊತ್ತಿದೆ, ಅಷ್ಟೇ ವ್ಯತ್ಯಾಸ.

ಇಷ್ಟನ್ನೂ ಕೇಳಿ, ಹಾಗಾದರೆ ಈ ಸಮೀಕ್ಷೆಗಾಗಿ ಹಣವನ್ನು ವೆಚ್ಚಮಾಡುವುದು ವ್ಯರ್ಥವಲ್ಲವೇ ಎಂದು ಯಾರಾದರೂ ಕೇಳಬಹುದು. ವ್ಯರ್ಥವಲ್ಲ. ಸಾವಿರ ಚದರಮೈಲಿಗಳ ನೆಲದಲ್ಲಿ ಕಣ್ಣುಕಟ್ಟಿಕೊಂಡು ಬೈರಿಗೆಯನ್ನು ಇಳಿಸುತ್ತ ಹೋದರೆ ಯಾವ ಸರ್ಕಾರದ ಬೊಕ್ಕಸವೂ ಉಳಿಯಲಾರದು. ಆ ಸಾವಿರವನ್ನು ಹತ್ತಕ್ಕೆ ಇಳಿಸುವುದು ಸಮೀಕ್ಷೆಯ ಕೆಲಸ. ಹತ್ತರಲ್ಲಿ ಒಂದನ್ನು ಆರಿಸುವುದು ಭೂವಿಜ್ಞಾನಿಯ ಕೆಲಸ. ಆ ಒಂದರ ನಿಜವನ್ನು ಬಯಲುಮಾಡುವುದು ಬೈರಿಗೆಯ ಕೆಲಸ. ಕೂರ್ಸ್ಕಿನ ಜನ ಎರಡು ಸಲ ಎಡವಿದರು. ಸೂಜಿಯು ಬಾಗಿತೆಂದು ಮೊದಲು ಅದನ್ನು ಅಂಜನದಂತೆ ನಂಬಿದರು. ಒಂದು ಬೈರಿಗೆ ಬರಿದಾಯಿತೆಂದು ಬಳಿಕ ಅದನ್ನು ಪೂರ್ತಿಯಾಗಿ ತಳ್ಳಿಹಾಕಿದರು. ಮೊದಲನೆಯದರಿಂದ ಹಣ ಹೋಯಿತು, ಎರಡನೆಯದರಿಂದ ಕಾಲು ಶತಮಾನ ಹೋಯಿತು.

ಅದಿರು ಇದೆಯೆಂದು ತಿಳಿಯುವುದು ಬೇರೆ, ಅದನ್ನು ತೆಗೆಯಬೇಕೆಂದು ನಿಶ್ಚಯಿಸುವುದು ಬೇರೆ ಎಂಬುದನ್ನೂ ಹೇಳಿ ಈ ಭಾಷಣವನ್ನು ಮುಗಿಸುತ್ತೇವೆ. ಕುದುರೆಮುಖದ ಗಣಿಗಾಗಿ 1976ರಲ್ಲಿ ಕಂಪೆನಿಯೊಂದು ಸ್ಥಾಪಿತವಾಯಿತು. ಅಲ್ಲಿಯ ಕಾಡುಗಳನ್ನೂ ನದಿಗಳನ್ನೂ ಕುರಿತು ಎದ್ದ ವ್ಯಾಜ್ಯದ ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಅಂತ್ಯದಲ್ಲಿ ಗಣಿಯು ನಿಂತಿತು. ಮ್ಯಾಗ್ನೆಟೈಟು ಇಂದಿಗೂ ಆ ಬೆಟ್ಟಗಳಲ್ಲಿದೆ; ಸೂಜಿಯನ್ನು ಹಿಡಿದರೆ ಇಂದಿಗೂ ಕದಲುತ್ತದೆ. ನೆಲದಡಿಯಲ್ಲಿ ಏನಿರಬಹುದೆಂದು ತಿಳಿಸುವುದಷ್ಟೇ ಅದರ ಅಧಿಕಾರ. ಅಷ್ಟಭೋಗಗಳಲ್ಲಿ ನಿಕ್ಷೇಪದ ಜೊತೆಯಲ್ಲಿಯೇ ಜಲವನ್ನೂ ಎಣಿಸಿದ ನಮ್ಮ ಹಿರಿಯರ ಒಕ್ಕಣೆಯು, ಯಾವುದನ್ನು ತೆಗೆದು ಯಾವುದನ್ನು ಉಳಿಸಬೇಕೆಂದು ವಿಚಾರಿಸುವ ಹೊಣೆಯನ್ನು ಪಡೆದವನಿಗೇ ಬಿಟ್ಟಿದೆ.